ಬಾನೆಟ್ಟಿನ ಮೇಲಿನ ಕಾಫಿ ರೇಟು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಕಾಫಿಗೆ ಈಗ ಎಷ್ಟು ರೇಟಿದೆ ಎಂದು ತಿಳಿಯಲು ಪೇಪರು ಬಿಚ್ಚಬೇಕಿಲ್ಲ. ಮದುವೆ ಸೀಸನ್ನಿನಲ್ಲಿ ಯಾವುದಾದರೂ ಕಲ್ಯಾಣ ಮಂಟಪದ ಮುಂದೆ ಹತ್ತು ನಿಮಿಷ ನಿಂತರಾಯಿತು. ರೇಟು ಬಿದ್ದ ವರ್ಷ ಅಲ್ಲಿ ಕೆಸರು ಮೆತ್ತಿಕೊಂಡ ಜೀಪುಗಳು, ಹಿಂದಿನ ಸೀಟು ಬಿಚ್ಚಿಟ್ಟ ಓಮ್ನಿಗಳು. ರೇಟು ಎದ್ದ ವರ್ಷ ಸಾಲಾಗಿ ಬೆಂಜ್ ಕಾರಿನ ಮೂರು ಮೂಲೆಯ ನಕ್ಷತ್ರ. ಗೊಬ್ಬರದ ಅಂಗಡಿಯವನು ಊಟಕ್ಕೆ ಬರುವುದು ನೆಪಕ್ಕೆ. ಅವನ ಕಣ್ಣು ಇರುವುದು ಪಾರ್ಕಿಂಗಿನ ಮೇಲೆ. ಯಾರಿಗೆ ಈ ಸಲ ಉದ್ರಿ ಕೊಡಬಹುದು ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.

2025ರ ಫೆಬ್ರುವರಿಯಲ್ಲಿ ಅರೇಬಿಕಾ ನ್ಯೂಯಾರ್ಕಿನಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಬ್ರೆಜಿಲ್‌ಗೆ ಬರ, ವಿಯೆಟ್ನಾಂಗೆ ಬರ, ನಮಗೆ ಬರವೋ ಬರ, ಅಂದರೆ ದುಡ್ಡು ಬರುವ ಬರ. ಕೂಡಲೇ ತೋಟದ ಮನೆಗಳ ಜಗಲಿಯಲ್ಲಿ ಜರ್ಮನಿಯ ಇತಿಹಾಸ ಚರ್ಚೆಗೆ ಬಂತು. ‘ಬೆಂಜ್ ಅಂದ್ರೆ ಬೆಂಜೇ ಕಣ್ರೀ. ನೂರು ವರ್ಷದ ಹೆಸರು ಅದು.’ ಹೀಗೆ ಹೇಳುವವರಿಗೆ ತಮ್ಮ ತೋಟ ಯಾವ ವರ್ಷ ಅಡಮಾನಕ್ಕೆ ಹೋಯಿತು, ಯಾವ ವರ್ಷ ಬಿಡಿಸಿಕೊಂಡಿತು ಎಂಬ ಇತಿಹಾಸ ಮಾತ್ರ ಜ್ಞಾಪಕಕ್ಕೆ ಬರುವುದಿಲ್ಲ.

ಬೆಂಜ್ ಕಾರಿಗೂ ಕಾಫಿಗೂ ನಂಟು ಕುದುರಿದ್ದು 1994ರಲ್ಲಿ. ಆ ವರ್ಷ ಜೂನ್, ಜುಲೈ ತಿಂಗಳಲ್ಲಿ ಎರಡು ಸಲ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಕರಕಲಾದವು. ಜಗತ್ತಿನಲ್ಲಿ ಕಾಫಿ ರೇಟು ಛಾವಣಿ ಹರಿದು ಹೋಯಿತು. ಅದೇ ವರ್ಷ ಮರ್ಸಿಡಿಸ್-ಬೆಂಜ್ ಭಾರತದಲ್ಲಿ ಕಂಪನಿ ಕಟ್ಟಿತು. 1995ರಲ್ಲಿ ಪುಣೆಯ ಟೆಲ್ಕೋ ಕಾರ್ಖಾನೆಯಿಂದ ಇ-ಕ್ಲಾಸ್ ಹೊರಬಂತು. ಇನ್ನೊಂದು ಕಡೆ ಕಾಫಿ ಬೋರ್ಡಿನ ಪೂಲ್ ಕೊನೆಯುಸಿರು ಎಳೆಯುತ್ತಿತ್ತು. 1942ರ ಕಾನೂನಿನ ಕಾಲದಿಂದಲೂ ಬೆಳೆದದ್ದನ್ನೆಲ್ಲ ಬೋರ್ಡಿಗೆ ಒಪ್ಪಿಸಿ, ಅದು ಕಂತು ಕಂತಾಗಿ ಕೊಡುವ ದುಡ್ಡಿಗೆ ಬಾಯಿ ಬಿಟ್ಟು ಕಾಯುತ್ತಿದ್ದ ಬೆಳೆಗಾರ, 1996ರ ಹೊತ್ತಿಗೆ ತನ್ನ ಕಾಫಿಯನ್ನು ತಾನೇ ಮಾರುವ ಸ್ವತಂತ್ರ ಪ್ರಜೆಯಾದ. ಸ್ವಾತಂತ್ರ್ಯ ಬಂದ ಮೇಲೆ ಬಾವುಟ ಬೇಡವೇ? ಪುಣೆಯಲ್ಲಿ ರೆಡಿ ಇತ್ತು.

ತಂದ ಮೇಲೆ ತಿಳಿದದ್ದು, ಈ ಬಾವುಟ ಹಾರಿಸಲು ಡಾಂಬರು ಬೇಕು ಎಂದು. ತೋಟದ ರಸ್ತೆ ಎಂದರೆ ಆಗಸ್ಟಿನಲ್ಲಿ ಹಳ್ಳ, ಜನವರಿಯಲ್ಲಿ ಧೂಳು, ನಡುವೆ ಕಲ್ಲು. ಮೇನ್ ರೋಡಿನಿಂದ ತಿರುಗಿ ಗೇಟು ದಾಟುತ್ತಿದ್ದಂತೆ ಡ್ರೈವರ್ ಕಾಲು ಬ್ರೇಕಿನ ಮೇಲೆ.

‘ಸಾವ್ಕಾರ್ರೇ, ಇಲ್ಲಿಂದ ಮೇಲಕ್ಕೆ ಹೋದ್ರೆ ಚೇಂಬರ್ ಬಡಿತದೆ.’

‘ಸರಿ ಮಾರಾಯ, ಇಲ್ಲೇ ಶೆಡ್ಡಿಗೆ ಹಾಕು. ಜೀಪ್ ತಗಂಡ್ ಬರಾಕೆ ಹೇಳು.’

ಜೀಪ್ ಬರುತ್ತದೆ. ಅದು ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿ, 1947ರಿಂದ ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸಿ ಮಾರತೊಡಗಿದ ವಿಲ್ಲಿಸ್ ವಂಶದ ಕುಡಿ. ಜರ್ಮನಿಯ ವಿರುದ್ಧದ ಆ ಯುದ್ಧ 1945ಕ್ಕೆ ಮುಗಿಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ನಮ್ಮ ತೋಟಗಳ ಗೇಟಿನಲ್ಲಿ ಅದು ಪ್ರತಿ ಮಳೆಗಾಲ ನಡೆಯುತ್ತಲೇ ಇದೆ, ಫಲಿತಾಂಶವೂ ಬದಲಾಗಿಲ್ಲ.

ಹಾಗೆಂದು ಈ ನಕ್ಷತ್ರಕ್ಕೆ ಗುಡ್ಡ ಹತ್ತಲು ಬಾರದು ಎನ್ನುವಂತಿಲ್ಲ. ಕಾರು ಬರುವುದಕ್ಕೆ ನಲವತ್ತು ವರ್ಷ ಮೊದಲೇ ಅದು ಬಂದು ಹತ್ತಿ ತೋರಿಸಿತ್ತು. 1954ರಲ್ಲಿ ಟಾಟಾದವರ ಟೆಲ್ಕೋ ಮತ್ತು ಡೈಮ್ಲರ್-ಬೆಂಜ್ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದವು. ಮೂತಿಯ ಮೇಲೆ ಅದೇ ಮೂರು ಮೂಲೆಯ ನಕ್ಷತ್ರ. ಜನ ಅದನ್ನು ಬೆಂಜ್ ಲಾರಿ ಎಂದೇ ಕರೆದರು. ಕಾಫಿ ಮೂಟೆ ಹೇರಿಕೊಂಡು ಚಾರ್ಮಾಡಿ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸಿಗೆ, ವಾಪಸು ಬರುವಾಗ ಹೆಂಚು, ಉಪ್ಪು, ಗೊಬ್ಬರ. ತಿರುವಿನಲ್ಲಿ ಲಾರಿ ಹಿಂದಕ್ಕೆ ಜಾರಿದರೆ ಕ್ಲೀನರ್ ಹುಡುಗ ಮಳೆಯಲ್ಲೇ ಜಿಗಿದು ಚಕ್ರದ ಹಿಂದೆ ಮರದ ತುಂಡು ಒತ್ತರಿಸುತ್ತಿದ್ದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಹಿಲ್ ಹೋಲ್ಡ್ ಅಸಿಸ್ಟ್. ಆಗ ಅದಕ್ಕೆ ಸಂಬಳ ಇತ್ತೋ ಇಲ್ಲವೋ, ಎರಡು ಹೊತ್ತು ಊಟವಂತೂ ಇತ್ತು. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರ ಕಿತ್ತು ಟಾಟಾದವರು ತಮ್ಮ ‘ಟಿ’ ಕೂರಿಸಿದರು. ಲಾರಿ ಅದೇ, ಘಾಟಿ ಅದೇ.

ಆ 15 ವರ್ಷ ನಕ್ಷತ್ರ ನಮ್ಮ ಕಣ್ಣೆದುರೇ ಇತ್ತಲ್ಲ, ಯಾರಾದರೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರೇ? ಬೆಂಜ್ ಓಡಿಸುತ್ತಾನೆ ಎಂದು ಲಾರಿ ಡ್ರೈವರಿಗೆ ಯಾರಾದರೂ ಓಡೋಡಿ ಬಂದು ಹೆಣ್ಣು ಕೊಟ್ಟರೇ? ದುಡಿಯುವ ಗಾಡಿಯ ಮೇಲಿದ್ದಾಗ ಅದು ಬರೀ ತಗಡು. ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ಮೇಲೆ ಬಂದಾಗ ಅದು ಮನೆತನ.

ಈ ಬುದ್ಧಿ ನಮ್ಮದೊಂದೇ ಅಲ್ಲ ಎಂಬುದೇ ಸಮಾಧಾನ. ಆ ಕಂಪನಿಯ ಚರಿತ್ರೆಯೂ ಇದೇ ದಾರಿಯಲ್ಲಿ ಸಾಗಿ ಬಂದಿದೆ. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಆದರೆ ಅದಕ್ಕೂ ಬಹಳ ಹಿಂದೆ, 1871ರಲ್ಲಿ, ಅವನ ವರ್ಕ್‌ಶಾಪು ಪಾಲುದಾರನ ಕೈಗೆ ಸಿಕ್ಕಿ ಮುಳುಗುವುದರಲ್ಲಿದ್ದಾಗ ಅದನ್ನು ಬಿಡಿಸಿಕೊಟ್ಟದ್ದು ಬರ್ತಾ ಎಂಬ ಹುಡುಗಿಯ ವರದಕ್ಷಿಣೆಯ ದುಡ್ಡು. ಮದುವೆ ಆದದ್ದು ಮರುವರ್ಷ! ಅಂದರೆ ಬೆಂಜ್ ಹುಟ್ಟಿದ್ದೇ ವರದಕ್ಷಿಣೆಯಿಂದ. ನಮ್ಮ ಮದುವೆ ಮನೆಗಳಲ್ಲಿ ಹೂವು ಸುತ್ತಿ, ರಿಬ್ಬನ್ ಕಟ್ಟಿ, ‘ನಾವೇನೂ ಕೇಳಿಲ್ಲಪ್ಪ, ಬೀಗರು ಪ್ರೀತಿಯಿಂದ ಕೊಟ್ಟಿದ್ದು’ ಎಂದು ನಿಲ್ಲಿಸಿರುತ್ತಾರಲ್ಲ, ಆ ಕಾರು ನಿಜಕ್ಕೂ ತವರಿಗೆ ಬಂದಿರುತ್ತದೆ.

ಗಾಡಿ ಮಾಡಿದ್ದಾಯಿತು, ಕೊಳ್ಳುವವರಿಲ್ಲ. 1888ರ ಆಗಸ್ಟಿನಲ್ಲಿ ಬರ್ತಾ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ಸುಮಾರು 100 ಕಿಲೋಮೀಟರ್. ಪೆಟ್ರೋಲ್ ಬಂಕ್ ಎಂಬ ವಸ್ತುವೇ ಹುಟ್ಟಿರಲಿಲ್ಲ. ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಪೈಪು ಕಟ್ಟಿದಾಗ ಹ್ಯಾಟಿನ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಏರು ಬಂದಾಗ ಮಕ್ಕಳು ಇಳಿದು ನೂಕಿದರು. ಬಂದವಳು ಗಂಡನಿಗೆ ಹೇಳಿದ ಮಾತು, ಗುಡ್ಡ ಹತ್ತಲು ಇನ್ನೊಂದು ಗೇರು ಹಾಕು ಎಂದು. ಕೊಟ್ಟಿಗೆಹಾರದ ಯಾವ ಮೆಕ್ಯಾನಿಕ್ಕೂ ಈ ಹೆಂಗಸಿನ ಕೈಕೆಳಗೆ ಒಂದು ವರ್ಷ ಕೆಲಸ ಕಲಿಯಲು ಒಪ್ಪಿಯಾನು. ಕಾರಿನ ಹೆಸರು ಮಾತ್ರ ಅವಳದಾಗಲಿಲ್ಲ.

ಹೆಸರಾದದ್ದು ಬೇರೆ ಹುಡುಗಿ. ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿ ಫ್ರಾನ್ಸಿನ ನೀಸ್ ಊರಿನಲ್ಲಿ ಸಾಹುಕಾರರಿಗೆ ಡೈಮ್ಲರ್ ಕಾರು ಮಾರುತ್ತಿದ್ದ. 1900ರಲ್ಲಿ ಒಂದೇ ಏಟಿಗೆ 36 ಗಾಡಿ ಆರ್ಡರ್ ಕೊಟ್ಟು, ಹೊಸ ಗಾಡಿಗೆ ತನ್ನ ಮಗಳ ಹೆಸರಿರಬೇಕು ಎಂದ. ಮಗಳು ಮರ್ಸಿಡಿಸ್; ವಯಸ್ಸು ಹನ್ನೊಂದರ ಆಸುಪಾಸು. ದುಡ್ಡು ಎಣಿಸುವವನ ಮಾತು, ಕಂಪನಿ ತಲೆಯಾಡಿಸಿತು. 1902ರಲ್ಲಿ ಆ ಹೆಸರು ಟ್ರೇಡ್‌ಮಾರ್ಕ್ ಆಯಿತು. ಮರುವರ್ಷ ಅಪ್ಪನೇ ತನ್ನ ಹೆಸರಿಗೆ ಮರ್ಸಿಡಿಸ್ ಎಂದು ಸೇರಿಸಿಕೊಂಡ. ಮಗಳ ಹೆಸರಿನ ಎಸ್ಟೇಟ್ ಬೋರ್ಡುಗಳು ನಮ್ಮಲ್ಲೂ ಬೇಕಾದಷ್ಟಿವೆ, ಪತ್ರ ಮಾತ್ರ ಮಗನ ಹೆಸರಿಗೆ. ಡೈಮ್ಲರ್, ಬೆಂಜ್ ಎರಡೂ ಮನೆಗಳು 1926ರಲ್ಲಿ ಒಂದಾದಾಗ ಸಂಸ್ಥಾಪಕರಲ್ಲಿ ಗಾಟ್ಲೀಬ್ ಡೈಮ್ಲರ್ ಸತ್ತು ಕಾಲು ಶತಮಾನವಾಗಿತ್ತು. ಕಾರಿನ ಮೇಲೆ ಡೈಮ್ಲರ್ ಹೆಸರು ಇಲ್ಲ, ದುಡಿದ ಬರ್ತಾಳ ಹೆಸರೂ ಇಲ್ಲ, ಗಿರಾಕಿಯ ಮಗಳ ಹೆಸರಿದೆ.

ಇನ್ನು ‘ನೂರು ವರ್ಷದ ಹೆಸರು’ ಎನ್ನುವವರು ಸಾಮಾನ್ಯವಾಗಿ ಹಾರಿಸಿಬಿಡುವ ಪುಟ ಒಂದಿದೆ. 1944ರಲ್ಲಿ ಡೈಮ್ಲರ್-ಬೆಂಜ್‌ನಲ್ಲಿ ಇದ್ದ ಕೆಲಸಗಾರರು 63,610. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹಿಡಿದು ತಂದ ಬಿಟ್ಟಿ ಕೂಲಿಗಳು, ಯುದ್ಧಕೈದಿಗಳು, ನಾಜಿ ಶಿಬಿರದ ಕೈದಿಗಳು. ಈ ಲೆಕ್ಕವನ್ನು ಕಂಪನಿಯೇ ತನ್ನ ಚರಿತ್ರೆಯಲ್ಲಿ ಬರೆದುಕೊಂಡಿದೆ. ಅದಕ್ಕೆ ಪರಿಹಾರವೆಂದು 2 ಕೋಟಿ ಮಾರ್ಕ್ ಕೊಟ್ಟದ್ದು 1988ರಲ್ಲಿ. ಕಾಯುತ್ತ ಕಾಯುತ್ತ ಎಷ್ಟು ಜನ ಸತ್ತಿದ್ದರೋ. ನಮ್ಮ ಬೆಟ್ಟದಲ್ಲೂ ಕೂಲಿಯವರ ಲೈನ್ ಮನೆಗಳ ಚರಿತ್ರೆಯನ್ನು ಯಾವ ಎಸ್ಟೇಟೂ ತನ್ನ ಹೋಮ್‌ಸ್ಟೇ ಬ್ರೋಷರಿನಲ್ಲಿ ಅಚ್ಚು ಹಾಕಿಸಿದ್ದನ್ನು ನಾನು ಕಂಡಿಲ್ಲ. ಆ ಮಟ್ಟಿಗೆ ಜರ್ಮನರು ನಮಗಿಂತ ಒಂದು ಹೆಜ್ಜೆ ಮುಂದೆ.

ಸುರಕ್ಷತೆಯ ಮಾತಿಗೆ ಬರೋಣ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಒಂದು ಪತ್ರಿಕೆಯವರು ಬೆಂಜ್‌ನ ಹೊಸ ಎ-ಕ್ಲಾಸ್ ಕಾರನ್ನು ಪರೀಕ್ಷೆಗೆ ಹಚ್ಚಿದರು. ರಸ್ತೆಗೆ ಮೂಸ್ ಎಂಬ ಕಡವೆಯ ದೊಡ್ಡಣ್ಣ ಅಡ್ಡ ಬಂದರೆ ಗಕ್ಕನೆ ತಿರುಗಿಸಬೇಕಲ್ಲ, ಆ ಪರೀಕ್ಷೆ. ಕಾರು ಮಗುಚಿಬಿತ್ತು. ಅಲ್ಲಿ ಮೂಸ್ ಇರಲೂ ಇಲ್ಲ! ಕಂಪನಿ ಮಾರಾಟ ನಿಲ್ಲಿಸಿ, ಜಾರದಂತೆ ಹಿಡಿಯುವ ಇಎಸ್‌ಪಿ ಎಂಬ ವ್ಯವಸ್ಥೆಯನ್ನು ಎಲ್ಲ ಎ-ಕ್ಲಾಸಿಗೂ ಹಾಕಿ ಮಾನ ಉಳಿಸಿಕೊಂಡಿತು. ಮೂಡಿಗೆರೆಯ ಕಡೆ ರಸ್ತೆಗೆ ಅಡ್ಡ ಬರುವುದು ಮೂಸ್ ಅಲ್ಲ, ಆನೆ. ಅದೂ ಇಲ್ಲದೆ ಇರುವುದಿಲ್ಲ, ಇದ್ದೇ ಇರುತ್ತದೆ. ಅದರ ಮುಂದೆ ಯಾವ ಇಎಸ್‌ಪಿಯೂ ನಡೆಯುವುದಿಲ್ಲ. ಇಂಜಿನ್ ಆಫ್ ಮಾಡಿ, ಲೈಟು ಆರಿಸಿ, ಉಸಿರು ಹಿಡಿದು ಕೂರುವುದು. ಆಗ ಒಳಗಿರುವವರು ಓಮ್ನಿಯಲ್ಲಿದ್ದರೂ ಒಂದೇ, ಬೆಂಜಿನಲ್ಲಿದ್ದರೂ ಒಂದೇ. ಈ ಬೆಟ್ಟದಲ್ಲಿ ಸಮಾನತೆ ತರಲು ಉಳಿದಿರುವ ಪಕ್ಷ ಆನೆಯದೊಂದೇ.

ಹೊಗೆಯ ಹಗರಣ ಮಾತ್ರ ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. 2020ರಲ್ಲಿ ಅಮೆರಿಕ ಸರ್ಕಾರದ ಜೊತೆ ಡೈಮ್ಲರ್ 150 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಸುಮಾರು ಎರಡೂವರೆ ಲಕ್ಷ ಡೀಸೆಲ್ ಗಾಡಿಗಳಲ್ಲಿ ಹೊಗೆ ಪರೀಕ್ಷೆಗೊಂದು ರೀತಿ, ರಸ್ತೆಗೊಂದು ರೀತಿ ನಡೆಯುವ ಸಾಫ್ಟ್‌ವೇರ್ ಇದೆ ಎಂಬುದು ಆರೋಪ. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ, ದುಡ್ಡು ಕೊಟ್ಟಿತು. ಕೇಳಿದ ನಮ್ಮ ಬೆಳೆಗಾರರು ತಟ್ಟನೆ ಅರ್ಥ ಮಾಡಿಕೊಂಡರು: ಸ್ಯಾಂಪಲ್ ಪ್ಯಾಕೆಟ್ಟಿನಲ್ಲಿ ಚೆನ್ನಾಗಿ ಒಣಗಿದ ಕಾಳು, ಮೂಟೆಯಲ್ಲಿ ಹಸಿ. ಇದಕ್ಕೆ ಸಾಫ್ಟ್‌ವೇರ್ ಬರೆಯಲು ಅಷ್ಟೊಂದು ಇಂಜಿನಿಯರುಗಳು ಬೇಕಾದರೇ ಎಂಬುದೊಂದೇ ಅವರ ಆಶ್ಚರ್ಯ. ಅತ್ತ ವ್ಯಾಪಾರಿಯ ತೇವ ಅಳೆಯುವ ಮೀಟರು ಸಹ ಕೊಳ್ಳುವಾಗೊಂದು, ಮಾರುವಾಗೊಂದು ಹೇಳುತ್ತದೆ ಎಂದು ಬೆಳೆಗಾರರ ದೂರು. ಮೀಟರಿಗೂ ಇಎಸ್‌ಪಿ ಹಾಕಿಸಬೇಕೇನೋ.

ಇಂಜಿನಿಯರುಗಳು ಎಂದಾಗ ನೆನಪಾಯಿತು. ಈ ಕಂಪನಿಯ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲೇ ಇದೆ. ಅದಕ್ಕೂ ಮೊದಲು, 1950ರ ದಶಕದಲ್ಲೇ, ಜರ್ಮನಿಯ ಬಾಷ್‌ನವರು ಆಡುಗೋಡಿಗೆ ಬಂದು ಮೈಕೋ ಕಾರ್ಖಾನೆ ಕಟ್ಟಿದ್ದರು. ಘಾಟಿ ಹತ್ತುವ ಡೀಸೆಲ್ ಲಾರಿಗಳ ಪಂಪು ಅಲ್ಲಿಂದ ಬರುತ್ತಿತ್ತು. ಅಪ್ಪ ಸಾಲ ಮಾಡಿ ಕೊಂಡ ಕಾರಿನ ಯಾವುದೋ ಬಟನ್ನಿಗೆ ಕೋಡು ಬರೆದವನು ತೋಟ ನೋಡಿಕೊಳ್ಳಲು ಒಲ್ಲದೆ ಬೆಂಗಳೂರು ಸೇರಿದ ಮಗನೇ ಆಗಿರಬಹುದು. ಹಬ್ಬಕ್ಕೆ ಅವನು ಬರುವುದು ರಾತ್ರಿ ಬಸ್ಸಿನಲ್ಲಿ. ಬಸ್ ಸ್ಟ್ಯಾಂಡಿಗೆ ಹೋಗುವುದು ಜೀಪು.

ಈಗ ಕೊನೆಯ ಸುದ್ದಿ. 2021ರ ಡಿಸೆಂಬರಿನಲ್ಲಿ ಸ್ಟುಟ್‌ಗಾರ್ಟಿನ ಆ ಮನೆ ಪಾಲಾಯಿತು. ಲಾರಿ, ಬಸ್ಸಿನ ಭಾಗವನ್ನು ಡೈಮ್ಲರ್ ಟ್ರಕ್ ಎಂದು ಬೇರೆ ಹಾಕಿದರು. 2022ರ ಫೆಬ್ರುವರಿಯಲ್ಲಿ ಹಳೇ ಮನೆ ತನಗೆ ಮರ್ಸಿಡಿಸ್-ಬೆಂಜ್ ಗ್ರೂಪ್ ಎಂದು ಹೊಸ ಹೆಸರಿಟ್ಟುಕೊಂಡಿತು. ನಮ್ಮ ಜಗಲಿಯಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ದುಡಿಯುವ ತಮ್ಮನಿಗೆ ಕೊಟ್ಟಿಗೆ ಪಕ್ಕದ ಮನೆ, ಕೂತು ಮಾತಾಡುವ ಅಣ್ಣನಿಗೆ ದೊಡ್ಡಮನೆ ಮತ್ತು ಮನೆ ಹೆಸರು. ಪಂಚಾಯಿತಿ ಮಾಡಿದವರು ನಮ್ಮ ಕಡೆಯವರೇ ಇರಬೇಕು ಎಂದುಕೊಂಡರು.

ರೇಟು ಎದ್ದಾಗ, ಅದು ಹೀಗೇ ಇರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. 2001ರ ಸುಮಾರಿಗೆ ವಿಯೆಟ್ನಾಂ ಕಾಫಿ ಸುರಿದು ರೇಟು ಪಾತಾಳ ಕಂಡದ್ದನ್ನು ನೆನಪಿಸುವವರಿಗೆ ಮದುವೆ ಮನೆಯಲ್ಲಿ ಎರಡನೇ ಪಂಕ್ತಿ. ಬ್ರೆಜಿಲ್‌ನಲ್ಲಿ ಇನ್ನೊಂದು ಸಲ ಇಬ್ಬನಿ ಬೀಳಲಿ ಎಂದು ಹೊರನಾಡಿನಲ್ಲಿ ಹರಕೆ ಹೊತ್ತವರೂ ಇರಬಹುದು. ಅನ್ನಪೂರ್ಣೇಶ್ವರಿ ಅನ್ನದ ದೇವರು, ಇನ್ನೊಬ್ಬರ ಅನ್ನ ಕಳೆಯುವ ಅರ್ಜಿಗೆ ಏನು ಹೇಳುತ್ತಾಳೋ. ರೇಟು ಬಿದ್ದ ದಿನ ತೋಟದಲ್ಲಿ ಮೊದಲು ಹೊರಡುವುದು ಜೀಪಲ್ಲ, ಟ್ರ್ಯಾಕ್ಟರ್ ಅಲ್ಲ, ಪಲ್ಪರ್ ಅಲ್ಲ. ಶೆಡ್ಡಿನ ಬಾಗಿಲು ತೆಗೆದು, ಬಾನೆಟ್ಟಿನ ಮೇಲೆ ಮೊಟ್ಟೆಯಿಟ್ಟ ಕೋಳಿಯನ್ನು ಓಡಿಸಿ, ಫೋಟೋ ಹೊಡೆದು ಮೊಬೈಲಿನಲ್ಲಿ ಜಾಹೀರಾತು ಹಾಕುತ್ತಾರೆ: ‘ಬೆಂಜ್ ಮಾರಾಟಕ್ಕಿದೆ. ಒಬ್ಬರೇ ಮಾಲೀಕರು. ಪ್ಲಾಂಟರ್ ಮನೆಯ ಗಾಡಿ. ಓಡಿದ್ದು ಬಹಳ ಕಡಿಮೆ.’ ಕೊನೆಯ ಮಾತು ಅಪ್ಪಟ ಸತ್ಯ. ಬೇಕಾದವರು ಡ್ರೈವರನ್ನು ಕೇಳಿ ನೋಡಬಹುದು.