ಲೈಬ್ರರಿ ಹುಡುಗ

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಅವನಿಗೆ ಬಿದ್ದಿರುವ ಹೆಸರು ‘ಲೈಬ್ರರಿ ಹುಡುಗ’. ಬೆಂಗಳೂರಿನ ಕೆಲಸ, ಕೂರುವುದು ಊರ ಕಟ್ಟೆಯ ಮೇಲೆ. ಸಿಗ್ನಲ್ ಸಿಗುವುದು ಅಲ್ಲೇ ಅಂತೆ. ಫೋನಿನಲ್ಲಿ ಒಂದೇ ಗೋಳು: “ಲೈಬ್ರರಿ ಸಿಗ್ತಿಲ್ಲ ಸಾರ್, ಬೆಳಗ್ಗಿಂದ ಹುಡುಕ್ತಿದೀನಿ.” ಕೇಳಿಸಿಕೊಂಡ ಅಜ್ಜನೊಬ್ಬ ಮರುಗಿ, “ಪಂಚಾಯ್ತೀದು ಐತಲ್ಲಪ್ಪ, ಸಂಜಿಗೆ ಬಾಗ್ಲು ತೆಗೀತಾರೆ” ಅಂದಿದ್ದ.

ಈ ಸಾಫ್ಟ್‌ವೇರ್ ಪೈಕಿಯವರಿಗೆ ಎರಡೇ ಮಾತು ಬರುತ್ತದೆ. “ನನ್ನ ಮೆಷಿನ್ನಲ್ಲಿ ಓಡ್ತಿದೆಯಲ್ಲ” ಮತ್ತು “ಒಂದೇ ಒಂದು ಲೈಬ್ರರಿ ಹಾಕ್ಕೊಂಡ್ರಾಯ್ತು.” ಇವನು ಲಿನಕ್ಸ್‌ನಲ್ಲಿ ಬರೆದ ಸಿ ಪ್ರೋಗ್ರಾಮನ್ನು ವಿಂಡೋಸ್‌ಗೆ ಒಯ್ಯಬೇಕಿತ್ತು. ನೆಟ್ಟಿನಿಂದ ಫೈಲು ತರಲು ಲಿಬ್‌ಕರ್ಲ್ ಒಂದು ಸಾಕೆಂದ. ಲಿಬ್‌ಕರ್ಲ್ ಬಂತು, ಬೆನ್ನಿಗೆ ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್. ಒಬ್ಬರನ್ನು ಮದುವೆಗೆ ಕರೆದರೆ ಟ್ರ್ಯಾಕ್ಟರ್ ತುಂಬ ಬಂದಿಳಿದ ಹಾಗೆ. ಬಂದವರಲ್ಲೂ ಪಂಕ್ತಿಭೇದ: ಒಬ್ಬರಿಗೆ ಓಪನ್‌ಎಸ್‌ಎಸ್‌ಎಲ್ 1.1 ಬೇಕು, ಇನ್ನೊಬ್ಬರು 3 ಇಲ್ಲದೆ ಎಲೆ ಮುಂದೆ ಕೂರುವುದಿಲ್ಲ. ಯುನಿಎಸ್‌ಟಿಡಿ ಡಾಟ್ ಎಚ್ ಕೇಳಿದರೆ ಮೈಕ್ರೋಸಾಫ್ಟ್ ಕಂಪೈಲರ್ ಆ ಹೆಸರೇ ಕೇಳಿಲ್ಲ ಅನ್ನುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್ ಇದ್ದ ‘ಲಾಂಗ್’ ವಿಂಡೋಸ್‌ಗೆ ಬಂದು 4 ಬೈಟ್ ಆಯಿತು. ಒಂದೂರಿನ ಸೇರು ಇನ್ನೊಂದೂರಲ್ಲಿ ಅಚ್ಚೇರು! ಲೆಕ್ಕ ತಪ್ಪಿದ್ದು ಅವನಿಗೆ ತಿಳಿದದ್ದು ಮೂರನೆಯ ದಿನ. ಅಷ್ಟರಲ್ಲಿ ಕೋಡ್‌ನಲ್ಲಿ ಸಾಲಿಗೊಂದು ಇಫ್‌ಡೆಫ್, ಹರಿದ ಪಂಚೆಗೆ ತೇಪೆ ಹಾಕಿದಂತೆ.

ನಾನು ನಕ್ಕಿದ್ದು ನಿಜ. ನನ್ನದೂ ಅದೇ ಕಸುಬು ಅನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಒಂದು ದಿನ ಅದೇ ಅಜ್ಜ ಎಲೆಅಡಿಕೆ ಚೀಲ ಬಿಚ್ಚುತ್ತಾ ಕೇಳಿದ: “ಅದೇನಪ್ಪ ನಿನ್ ಲೈಬ್ರರಿ ಅಂದ್ರೆ?”

“ಬೇರೇರು ಮಾಡಿಟ್ಟ ಕೆಲ್ಸ ಅಜ್ಜ. ನಾವ್ ತಂದು ಬಳಸೋದು.”

“ಎರವಲು ಕೂರಿಗೆ ಅನ್ನು. ಕೂರಿಗೆ ತಂದ್ರೆ ನಮ್ ನೊಗಕ್ಕೆ ಹೊಂದಲ್ಲ, ನೊಗ ತಂದ್ರೆ ಮಿಣಿ ಸಾಲಲ್ಲ. ಕೊನೀಗೆ ಎತ್ತೂ ಅವರವೇ. ಎತ್ತಿನ ಹಿಂದೆ ಅವ್ನೂ ಬರ್ತಾನೆ, ಊಟಕ್ಕಿಕ್ಕಬೇಕು.”

ಹುಡುಗನ ಬಾಯಿ ಕಟ್ಟಿತು. ಹಿಂದಿನ ರಾತ್ರಿಯಷ್ಟೇ ಅವನು ಸೋತು, ಲೈಬ್ರರಿಗಳನ್ನೆಲ್ಲ ಪ್ರೋಗ್ರಾಮಿನ ಹೊಟ್ಟೆಯೊಳಗೇ ತುರುಕಿ ಸ್ಟ್ಯಾಟಿಕ್ ಲಿಂಕ್ ಮಾಡಿದ್ದ. ಕೆಬಿಗಳಲ್ಲಿದ್ದ ಫೈಲು ಎಂಬಿಗಳಿಗೆ ಏರಿತ್ತು.

“ಬಿತ್ತಿದ್ಮ್ಯಾಲೆ ವಾಪಸ್ ಕೊಡ್ತೀಯೇನು?”

“ಇಲ್ಲಜ್ಜ, ಇವನ್ನ ಇಟ್ಕಂಬೋದು. ಮಾಡ್ದೋರ ಹೆಸ್ರು ಉಳಿಸಿದ್ರೆ ಸಾಕು.”

ಅಜ್ಜ ಸುಣ್ಣ ಸವರುತ್ತಿದ್ದ ಬೆರಳನ್ನು ಅಲ್ಲೇ ನಿಲ್ಲಿಸಿದ.

“ಇಟ್ಕಂಬೋದಾದ್ರೆ ದಿನಾ ಏನ್ ಹುಡುಕ್ತೀಯಲೇ?”