ಎಕರೆಗೆ ಎಷ್ಟು ಎಂದು ಕೇಳುವ ಮುನ್ನ

ಪ್ರಿಯ ಹೂಡಿಕೆದಾರ ಬಂಧುಗಳೇ,

ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯಿಂದ ಕೃಷಿಯಲ್ಲಿ ಹಣ ಹಾಕಲೆಂದು ನೈರೋಬಿಗೆ ಬರುವ ನಿಮ್ಮಲ್ಲಿ ಹಲವರನ್ನು ನಾನಿರುವ ಕಿಲಿಮಾನಿ ಬಡಾವಣೆಯಲ್ಲಿ ಕಂಡಿದ್ದೇನೆ. ಯಾಯಾ ಸೆಂಟರಿನ ಆಸುಪಾಸಿನ ಕಾಫಿ ಅಂಗಡಿಗಳಲ್ಲಿ, ಅರ್ಗ್ವಿಂಗ್ಸ್ ಕೋಧೆಕ್ ರಸ್ತೆಯ ಬಹುಮಹಡಿ ಕಚೇರಿಗಳಲ್ಲಿ, ಮೇಜಿನ ಮೇಲೆ ನಕ್ಷೆ ಹರಡಿಕೊಂಡು ನೀವು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಎಕರೆಗೆ ಎಷ್ಟು? ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಬ್ಬೊಬ್ಬರಿಗೇ ಹೇಳುತ್ತ ಬಂದದ್ದನ್ನು ಈಗ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಕೆನ್ಯಾದ 2010ರ ಸಂವಿಧಾನದ 65ನೇ ವಿಧಿಯ ಪ್ರಕಾರ ವಿದೇಶಿಯರು ಇಲ್ಲಿ ಜಮೀನನ್ನು ಗುತ್ತಿಗೆಗೆ ಮಾತ್ರ ಹಿಡಿಯಬಹುದು, ಅದೂ 99 ವರ್ಷ ಮೀರದಂತೆ. ಕಂಪನಿಯೊಂದು ಪೂರ್ತಿಯಾಗಿ ಕೆನ್ಯಾ ಪ್ರಜೆಗಳದ್ದಾಗಿದ್ದರೆ ಮಾತ್ರ ಅದನ್ನು ಈ ನೆಲದ್ದೆಂದು ಸಂವಿಧಾನ ಒಪ್ಪುತ್ತದೆ. ಕೃಷಿ ಜಮೀನಾದರೆ ಭೂ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಕು. ಒಪ್ಪಿಗೆ ಇಲ್ಲದ ವ್ಯವಹಾರ ಅಸಿಂಧು. ಆದ್ದರಿಂದ "ಲೋಕಲ್ ಪಾರ್ಟ್‌ನರ್ ಹೆಸರಲ್ಲಿ ಮಾಡಿಸಿಬಿಡೋಣ ಸಾರ್" ಎನ್ನುವ ದಲ್ಲಾಳಿಯ ಮಾತಿಗೆ ಮುಂಗಡ ಕೊಡಬೇಡಿ.

ಕಾನೂನು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಬ್ರಿಟಿಷರು 1902ರಲ್ಲಿ ಭೂಮಿಯ ಕಾಯ್ದೆ ತಂದು ಇಲ್ಲಿನ ತಂಪಾದ ಎತ್ತರದ ನೆಲವನ್ನು ಬಿಳಿಯರಿಗೆ ಹಂಚಿದರು. ಕಿಕುಯು, ಮಾಸಾಯಿ, ಕಿಪ್ಸಿಗಿಸ್ ಜನ ತಮ್ಮ ನೆಲ ಕಳೆದುಕೊಂಡರು; ಹಲವರು ಅದೇ ನೆಲದಲ್ಲಿ ಕೂಲಿಗಳಾದರು. ರೈಲು ದಾರಿ ಹಾಕಲು ಬಂದ ಭಾರತೀಯರಿಗೂ ಆ ಎತ್ತರದ ನೆಲದಲ್ಲಿ ಸಾಗುವಳಿಗೆ ಜಮೀನು ಸಿಗುತ್ತಿರಲಿಲ್ಲ. ಬ್ರಿಟಿಷರ ವಿರುದ್ಧದ ಮೌ ಮೌ ಹೋರಾಟದ ಒಡಲಲ್ಲಿದ್ದ ಬೆಂಕಿ ಭೂಮಿಯದೇ. ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿದ, ನೈರೋಬಿಯಲ್ಲೇ ಹುಟ್ಟಿದ ಗೋವೆಯ ಮೂಲದ ಪಿಯೋ ಗಾಮಾ ಪಿಂಟೊ ಆ ಹೋರಾಟಗಾರರ ಜೊತೆ ನಿಂತು 1954ರಿಂದ ಐದು ವರ್ಷ ಬಂಧನದಲ್ಲಿದ್ದರು. ಸ್ವಾತಂತ್ರ್ಯದ ನಂತರ ಆ ಭೂಮಿ ಹೊಸ ಆಳುವವರ ಕೈಗೆ ಹೋಗುವುದನ್ನು ಎದುರಿಸಿದರು. 1965ರ ಫೆಬ್ರುವರಿ 24ರಂದು ನೈರೋಬಿಯಲ್ಲಿ ಅವರ ಮನೆಯ ಮುಂದೆಯೇ ಗುಂಡಿಕ್ಕಿ ಕೊಂದರು. ಆಗ ಅವರಿಗೆ 37 ವರ್ಷ. ಧಾರವಾಡದಿಂದ ಬಂದವರು ನನ್ನ ಮನೆಗೆ ಬಂದರೆ ಈ ಹೆಸರು ಹೇಳದೆ ನಾನು ಕಳುಹಿಸುವುದಿಲ್ಲ. ಕೆನ್ಯಾದ ನೆಲದ ಜೊತೆ ನಮಗಿರುವ ನಂಟಿನಲ್ಲಿ ಹೆಮ್ಮೆಪಡಬಹುದಾದ ಭಾಗ ಇದು.

ಇನ್ನೊಂದು ಭಾಗವೂ ಇದೆ. ಅದನ್ನು ನಾವು ಕನ್ನಡದಲ್ಲಿ ಮಾತಾಡಿದ್ದು ಬಹಳ ಕಡಿಮೆ.

ನೈರೋಬಿಯಿಂದ ವಾಯವ್ಯಕ್ಕೆ ಎರಡು ತಾಸಿನ ದಾರಿಯಲ್ಲಿ ನೈವಾಷಾ ಸರೋವರ ಇದೆ. ಸಮುದ್ರಮಟ್ಟದಿಂದ ಸುಮಾರು 1,880 ಮೀಟರ್ ಎತ್ತರ, ಸಮಭಾಜಕದ ಬಿಸಿಲು, ತಂಪು ರಾತ್ರಿ, ಸಿಹಿನೀರು. ಗುಲಾಬಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಸರೋವರದ ಸುತ್ತ ಪ್ಲಾಸ್ಟಿಕ್ ಹೊದಿಕೆಯ ಹೂಮನೆಗಳು ಮೈಲಿಗಟ್ಟಲೆ ಹಬ್ಬಿವೆ. ಕೊಯ್ದು ಕಟ್ಟಿದ ಹೂವು ಜೋಮೊ ಕೆನ್ಯಾಟ್ಟ ವಿಮಾನ ನಿಲ್ದಾಣದಿಂದ ಹಾಲೆಂಡಿಗೆ ಹಾರುತ್ತದೆ. ಇಲ್ಲಿನ ಬಹುದೊಡ್ಡ ತೋಟಗಳಲ್ಲಿ ಒಂದಾದ ಷೆರ್ ಏಜೆನ್ಸೀಸನ್ನು 2007ರಲ್ಲಿ ಡಚ್ ಕುಟುಂಬವೊಂದರಿಂದ ಕೊಂಡದ್ದು ಬೆಂಗಳೂರಿನ ಕರುತುರಿ ಗ್ಲೋಬಲ್. ದೊಡ್ಡಬಳ್ಳಾಪುರದ ಕಡೆ ಗುಲಾಬಿ ಬೆಳೆಯುವುದರಿಂದ ಆರಂಭಿಸಿದ ಸಾಯಿ ರಾಮಕೃಷ್ಣ ಕರುತುರಿ ಜಗತ್ತಿನಲ್ಲೇ ಅತಿ ಹೆಚ್ಚು ಗುಲಾಬಿ ಬೆಳೆಯುವವರೆಂದು ಹೆಸರಾದರು. ಪತ್ರಿಕೆಗಳು ಹೊಗಳಿದವು. ಇಲ್ಲಿನ ನಾವೂ ಅಭಿಮಾನಪಟ್ಟೆವು. ತೋಟದ ಜೊತೆಗೆ ಕಾರ್ಮಿಕರ ವಸತಿ, ಶಾಲೆ, ಆಸ್ಪತ್ರೆ, ಕೆನ್ಯಾದ ಪ್ರೀಮಿಯರ್ ಲೀಗಿನಲ್ಲಿ ಆಡುವ ಫುಟ್ಬಾಲ್ ತಂಡವೂ ಇತ್ತು.

ಆಮೇಲಿನದ್ದನ್ನು ಓದಿ. ಮಾರಾಟದ ಬೆಲೆಯನ್ನು ಹೊರದೇಶದ ಅಂಗಸಂಸ್ಥೆಗಳ ನಡುವೆ ತಿರುಗಿಸಿ ಸುಮಾರು 1.1 ಕೋಟಿ ಡಾಲರ್ ತೆರಿಗೆ ತಪ್ಪಿಸಲಾಗಿದೆ ಎಂದು ಕೆನ್ಯಾದ ಕಂದಾಯ ಪ್ರಾಧಿಕಾರ ತೀರ್ಮಾನಿಸಿದ ಸುದ್ದಿ 2013ರಲ್ಲಿ ಹೊರಬಂತು. ಕಂಪನಿ ಅದನ್ನು ಒಪ್ಪಲಿಲ್ಲ. 2014ರ ಫೆಬ್ರುವರಿಯಲ್ಲಿ, ಅಂದರೆ ವರ್ಷದಲ್ಲೇ ಅತಿ ಹೆಚ್ಚು ಗುಲಾಬಿ ಮಾರುವ ತಿಂಗಳಲ್ಲಿ, ಸಾಲ ತೀರಿಲ್ಲವೆಂದು ಬ್ಯಾಂಕು ತೋಟವನ್ನು ರಿಸೀವರುಗಳ ಕೈಗೆ ಕೊಟ್ಟಿತು. ಕಂಪನಿಗೂ ಬ್ಯಾಂಕಿಗೂ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಜಗಳ ನಡೆಯಿತು. ಯಾರ ವಾದ ಸರಿ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಸುಮಾರು 3,000 ಕಾರ್ಮಿಕರಿಗೆ, ಅವರಲ್ಲಿ ಬಹಳಷ್ಟು ಹೆಂಗಸರಿಗೆ, ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯಿತು. ತೋಟ ಮುಚ್ಚಿತು. ಕಂಪನಿ ಕೊಟ್ಟ ಮನೆ, ಕಂಪನಿಯ ಶಾಲೆ, ಕಂಪನಿಯ ಆಸ್ಪತ್ರೆ: ಹೀಗೆ ಬದುಕೆಲ್ಲ ಒಂದೇ ಯಜಮಾನನ ಗೂಟಕ್ಕೆ ಕಟ್ಟಿದ್ದವರಿಗೆ ಆ ಗೂಟ ಕಿತ್ತ ದಿನ ಎಲ್ಲವೂ ಒಟ್ಟಿಗೆ ಹೋಯಿತು.

ಇದೇ ಕಂಪನಿ ನೆರೆಯ ಇಥಿಯೋಪಿಯಾದ ಗಂಬೆಲ್ಲಾದಲ್ಲಿ 1 ಲಕ್ಷ ಹೆಕ್ಟೇರ್ ಗುತ್ತಿಗೆ ಹಿಡಿದಿತ್ತು. ಬೆಂಗಳೂರಿನ ಆಗಿನ ಬಿಬಿಎಂಪಿಯ ಇಡೀ ವ್ಯಾಪ್ತಿಗಿಂತ ದೊಡ್ಡ ಜಾಗ. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಆಗಿನ ಲೆಕ್ಕದಲ್ಲಿ ಒಂದು ಡಾಲರಿಗಿಂತ ತುಸು ಹೆಚ್ಚು. 2011ರಲ್ಲಿ ಬಾರೋ ನದಿ ಉಕ್ಕಿ ಮೆಕ್ಕೆಜೋಳದ ಬೆಳೆ ಮುಳುಗಿತು. ಆ ನದಿ ಮಳೆಗಾಲದಲ್ಲಿ ಎಲ್ಲಿಯವರೆಗೆ ಹರಡುತ್ತದೆ ಎಂದು ದಡದ ಅನುವಾಕ್ ಜನಕ್ಕೆ ಗೊತ್ತಿತ್ತು. ಜಮೀನು ಮಂಜೂರು ಮಾಡಿದ ಕಚೇರಿಗಳಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. 1,200 ಹೆಕ್ಟೇರಷ್ಟೇ ಸಾಗುವಳಿಗೆ ಬಂದಿದೆ ಎಂದು ಹೇಳಿ 2015ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಗುತ್ತಿಗೆ ರದ್ದು ಮಾಡಿತು.

ಭಾರತೀಯರು ಮಾತ್ರ ಹೀಗೆ ಸೋತರೆಂದಲ್ಲ. ಪಶ್ಚಿಮ ಕೆನ್ಯಾದ ಯಾಲಾ ಜೌಗಿನಲ್ಲಿ ಭತ್ತ ಬೆಳೆಯಲು ಬಂದ ಅಮೆರಿಕದ ಡೊಮಿನಿಯನ್ ಫಾರ್ಮ್ಸ್ ಊರವರ ಜೊತೆ ವರ್ಷಗಟ್ಟಲೆ ವ್ಯಾಜ್ಯ ಮಾಡಿ ಕೊನೆಗೆ ಬಿಟ್ಟುಹೋಯಿತು. ಗಲಾನಾ-ಕುಲಾಲು ಎಂಬಲ್ಲಿ 10 ಲಕ್ಷ ಎಕರೆಯ ಕನಸಿಟ್ಟುಕೊಂಡು ಸರ್ಕಾರವೇ ಇಸ್ರೇಲಿ ಕಂಪನಿಯಿಂದ 10,000 ಎಕರೆಯ ಮಾದರಿ ತೋಟ ಮಾಡಿಸಹೊರಟಿತು. ಆ ಗುತ್ತಿಗೆದಾರರೂ ಕೆಲಸ ಮುಗಿಸದೆ ಹೋದರು.

ಬಂಧುಗಳೇ, ನಿಮಗೆ ಈ ನೋವು ಅರ್ಥವಾಗದ್ದಲ್ಲ. 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಎಂದಾಗ ನಮ್ಮ ರೈತರು ಬೀದಿಗಿಳಿದರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಹಳ್ಳಿಗಳವರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು; 2025ರ ಜುಲೈಯಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ನಿಮ್ಮಲ್ಲಿ ಎಷ್ಟೋ ಜನ ಅವರ ಪರವಾಗಿದ್ದಿರಿ. 1,777 ಎಕರೆಯನ್ನು ಹೋಬಳಿಯೊಂದರ ಜೀವವೆಂದು ಅರಿತವರು ಕೆನ್ಯಾದ ಕಿಟುಯಿಯಲ್ಲೋ ಟಾನಾ ನದಿಯ ಬಯಲಲ್ಲೋ 5,000 ಎಕರೆ "ಖಾಲಿ ಜಾಗ" ಇದೆಯೇ ಎಂದು ಹೇಗೆ ಕೇಳುತ್ತೀರಿ? ಆ ಖಾಲಿ ಜಾಗದಲ್ಲಿ ದನ ಮೇಯುತ್ತವೆ. ಬರಗಾಲದಲ್ಲಿ ಹಿಂಡುಗಳು ನೀರಿಗೆ ಇಳಿಯುವ ದಾರಿ ಅದು. ಉಪಗ್ರಹದ ಚಿತ್ರದಲ್ಲಿ ಅದು ಕಾಣುವುದಿಲ್ಲ.

ಹಾಗಾದರೆ ಬರಲೇಬೇಡಿ ಎನ್ನುತ್ತೇನೆಯೇ? ಖಂಡಿತ ಇಲ್ಲ. 2023ರ ಡಿಸೆಂಬರಿನಲ್ಲಿ ಅಧ್ಯಕ್ಷ ರೂಟೊ ದೆಹಲಿಗೆ ಬಂದಾಗ ಕೆನ್ಯಾದ ಕೃಷಿಯ ಆಧುನೀಕರಣಕ್ಕೆ ಭಾರತ 25 ಕೋಟಿ ಡಾಲರ್ ಸಾಲ ಘೋಷಿಸಿತು. ಹಣ ಬರುತ್ತದೆ. ಅದರ ಹಿಂದೆ ನೀವೂ ಬರುತ್ತೀರಿ. ಬಂದು ಏನು ಮಾಡುತ್ತೀರಿ ಎಂಬುದಷ್ಟೇ ನನ್ನ ಕಾಳಜಿ.

ತೊಗರಿ ನೋಡಿ. ಮಚಾಕೋಸ್, ಮಕುವೇನಿ, ಕಿಟುಯಿ, ಈ ಒಣ ಸೀಮೆಯ ಕಾಂಬಾ ರೈತರು ತಲೆತಲಾಂತರದಿಂದ ತೊಗರಿ ಬೆಳೆಯುತ್ತಾರೆ. ಅಕ್ಟೋಬರ್-ನವೆಂಬರಿನ ಸಣ್ಣ ಮಳೆಗೆ ಮೆಕ್ಕೆಜೋಳದ ಸಾಲುಗಳ ನಡುವೆ ಬಿತ್ತುತ್ತಾರೆ. ಮೆಕ್ಕೆಜೋಳ ಒಣಗಿದ ವರ್ಷವೂ ತೊಗರಿ ನಿಲ್ಲುತ್ತದೆ. ಹಸಿ ಕಾಯಿ ಮನೆಗೆ, ಒಣ ಕಾಳು ಪೇಟೆಗೆ, ಕಡ್ಡಿ ಒಲೆಗೆ. ಕಲಬುರಗಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಪೂರ್ವ ಆಫ್ರಿಕದ ಕೊಯ್ಲು ಆಗಸ್ಟಿನಿಂದಾಚೆ ಪೇಟೆಗೆ ಬರುತ್ತದೆ. ನಮ್ಮ ಹೊಸ ತೊಗರಿ ಡಿಸೆಂಬರಿಗೆ. ನಡುವಿನ ಆ ತಿಂಗಳುಗಳಲ್ಲಿ ನಮ್ಮ ಸಾರಿನ ಬೇಳೆ ಬಹಳಷ್ಟು ಈ ಕಡೆಯಿಂದಲೇ ಬರುತ್ತದೆ, ಅದೂ ಹೆಚ್ಚಾಗಿ ಇಡಿ ಕಾಳಾಗಿ. ಬೇಳೆ ಮಾಡಿದ ಲಾಭ ಬೆಳೆದವನ ಊರಿನಲ್ಲಿ ಉಳಿಯುವುದಿಲ್ಲ.

ಇಲ್ಲಿನ ರೈತನಿಗೆ ಜಮೀನಿದೆ, ಬೀಜದ ತಿಳಿವಳಿಕೆ ಇದೆ. ಕೊಯ್ದ ಕಾಳಿಗೆ ಹುಳು ಬೀಳದಂತೆ ಇಡಲು ಗೋದಾಮಿಲ್ಲ. ಮಗುವಿನ ಶಾಲೆಯ ಫೀಸಿಗಾಗಿ ಕೊಯ್ಲಿನ ವಾರದಲ್ಲೇ ಮನೆ ಬಾಗಿಲಿಗೆ ಬಂದ ಬ್ರೋಕರನ ತಕ್ಕಡಿಗೆ ಸುರಿಯಬೇಕು. ಗೋದಾಮಿನ ರಸೀತಿ ತೋರಿಸಿ ಸಾಲ ಪಡೆಯುವ ಕಾಯ್ದೆಯನ್ನು ಕೆನ್ಯಾ 2019ರಲ್ಲೇ ಮಾಡಿದೆ. ಕಾಯ್ದೆಗೆ ತಕ್ಕಷ್ಟು ಗೋದಾಮು ಬೇಕಲ್ಲ. ನಿಮ್ಮ ಹಣ ಹೋಗಬೇಕಾದದ್ದು ಅಲ್ಲಿಗೆ. ಗೋದಾಮು, ಒಣಗಿಸುವ ಕಣ, ಸಣ್ಣ ದಾಲ್ ಮಿಲ್, ಸರಿಯಾದ ತೂಕ, ತೂಕವಾದ ದಿನವೇ ರೈತನ ಫೋನಿಗೆ ಎಂ-ಪೆಸಾದಲ್ಲಿ ಹಣ. ಗಿರಣಿಗೆ ಬೇಕಾದ ಜಾಗ ಎರಡೋ ಮೂರೋ ಎಕರೆ. ಗಿರಣಿಯಲ್ಲಿ ರೈತರ ಸಹಕಾರ ಸಂಘಕ್ಕೆ ಪಾಲು ಕೊಡಿ. ಕೆನ್ಯಾದಲ್ಲಿ ಸಹಕಾರ ಸಂಘಗಳ ಬೇರು ಆಳವಾಗಿದೆ, ಕೂತು ಮಾತಾಡುವವರು ಸಿಗುತ್ತಾರೆ.

"ಅಲ್ಲಿಂದ ತೊಗರಿ ತಂದರೆ ನಮ್ಮ ರೈತನ ಗತಿಯೇನು?" ಎಂದು ಆಳಂದದಿಂದಲೋ ಸೇಡಂನಿಂದಲೋ ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 2016-17ರಲ್ಲಿ ತೊಗರಿ ವಿಪರೀತ ಬಂದು ಪೇಟೆಯ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ರೈತರು ಚೀಲಗಳ ಜೊತೆ ರಾತ್ರಿ ಕಳೆದರು. ಆಗ, 2017ರ ಆಗಸ್ಟಿನಲ್ಲಿ, ಭಾರತ ತೊಗರಿ ಆಮದನ್ನು ವರ್ಷಕ್ಕೆ 2 ಲಕ್ಷ ಟನ್ನಿಗೆ ಮಿತಿಗೊಳಿಸಿತು. ಮೊದಲಿನ ವರ್ಷದ ದರ ನೋಡಿ ಭಾರತಕ್ಕಾಗಿಯೇ ಬಿತ್ತಿದ್ದ ಪೂರ್ವ ಆಫ್ರಿಕದ ರೈತನ ಬೆಲೆ ರಾತ್ರೋರಾತ್ರಿ ಕುಸಿಯಿತು. ಮತ್ತೆ 2021ರಲ್ಲಿ ಬಾಗಿಲು ತೆರೆಯಿತು. ದೆಹಲಿಯ ಈ ಹಾಕು-ತೆಗೆ ಆಟದಲ್ಲಿ ಕಲಬುರಗಿಯವನೂ ಮಕುವೇನಿಯವನೂ ಒಟ್ಟಿಗೇ ಸೋಲುತ್ತಾನೆ. ಮೊಜಾಂಬಿಕ್ ಜೊತೆ 2016ರಲ್ಲಿ ಮಾಡಿಕೊಂಡಂತೆ, ಎಷ್ಟು ಟನ್, ಎಷ್ಟು ವರ್ಷ ಎಂದು ಮೊದಲೇ ಬರೆದಿಟ್ಟ ಒಪ್ಪಂದವಿದ್ದರೆ ಇಬ್ಬರೂ ಲೆಕ್ಕ ಹಾಕಿ ಬಿತ್ತಬಹುದು. ದೆಹಲಿಯಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ. ವಾಣಿಜ್ಯ ಸಚಿವಾಲಯದಲ್ಲಿ ಸುಂಕದ ರಿಯಾಯಿತಿ ಕೇಳುವ ಹೊತ್ತಿನಲ್ಲೇ ಇದನ್ನೂ ಕೇಳಿ.

ಮುಂದಿನ ಸಲ ಆಗಸ್ಟಿನಲ್ಲಿ ಬನ್ನಿ, ಕೊಯ್ಲಿನ ಹೊತ್ತಿಗೆ. ಜಮೀನಿನ ದಲ್ಲಾಳಿಗೆ ಫೋನ್ ಮಾಡುವ ಮೊದಲು ಒಂದು ದಿನ ನೈವಾಷಾಕ್ಕೆ ಹೋಗಿ, ಆ ತೋಟದಲ್ಲಿ ದುಡಿದ ಹೆಂಗಸರು ಇನ್ನೂ ಅಲ್ಲಿದ್ದಾರೆ, ಮಾತಾಡಿಸಿ. ಮರುದಿನ ಮೊಂಬಾಸಾ ರಸ್ತೆ ಹಿಡಿದು ಮಕುವೇನಿಯ ವೋಟೆ ಪೇಟೆಗೆ ಹೋಗೋಣ. ಕಾಂಬಾ ಮಾತಾಡುವ ಗೆಳೆಯರನ್ನು ನಾನು ಜೊತೆಗೆ ಕರೆತರುತ್ತೇನೆ. ದಾಲ್ ಮಿಲ್ ನಡೆಸಿದ ಅನುಭವವಿರುವ ಒಬ್ಬರನ್ನು ಕಲಬುರಗಿಯಿಂದ ನೀವು ಕರೆತನ್ನಿ.

ನಿಮ್ಮವನೇ ಆದ,
ಕಿಲಿಮಾನಿಯ ಒಬ್ಬ ಕನ್ನಡಿಗ