ಇನ್ನೆರಡು ಕಿಲೋಮೀಟರ್ ಬಾಕಿ

ಕಲಬುರಗಿಯಲ್ಲಿ ಖುಷಿಗಾಗಿ ಸೈಕಲ್ ಹತ್ತಿ ಊರಾಚೆ ಹೋಗುವವರಿಗೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಮಾತ್ರ ಅವಕಾಶ. ಬೇಸಿಗೆಯ ಮಾತೇ ಬೇಡ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಒಂದು ಮೊಳ ಕೆಳಗಿಳಿದರೆ ಎರೆಮಣ್ಣು ಚಕ್ರಕ್ಕೂ ಬ್ರೇಕಿಗೂ ನಡುವೆ ಹೊಕ್ಕು ಕೂರುತ್ತದೆ. ಆಮೇಲೆ ಯಾರು ಯಾರ ಮೇಲೆ ಸವಾರಿ ಮಾಡಬೇಕೆಂಬುದೇ ಪ್ರಶ್ನೆ. ಕಾರ್ತಿಕ ಮುಗಿಯುತ್ತ ಬಂದ ಹಾಗೆ ದಾರಿ ಒಣಗುತ್ತದೆ, ಬೆಳಗಿನ ಗಾಳಿಗೆ ಕಿವಿ ತಣ್ಣಗಾಗುತ್ತದೆ, ತೊಗರಿ ಹಳದಿ ಹೂವಿನಿಂದ ಕಾಯಿಗೆ ತಿರುಗುತ್ತದೆ. ಆಗ ಗಾಜಿಪುರದ ನಮ್ಮ ಓಣಿಯಲ್ಲಿ ಒಂದು ಬಾಗಿಲು ನಸುಕಿನಲ್ಲೇ ತೆರೆದು, ಅದರೊಳಗಿಂದ ಮೊದಲು ಒಂದು ಮುಂಚಕ್ರ, ಆಮೇಲೆ ಒಂದು ಹೆಲ್ಮೆಟ್, ಕೊನೆಗೆ ಸಾಹೇಬರು ಹೊರಗೆ ಬರುತ್ತಾರೆ.

ಸಾಹೇಬರಂಥವರು ಈಗ ಎಲ್ಲ ಊರಿನಲ್ಲೂ ಒಬ್ಬರಿದ್ದಾರೆ. ಬೆಂಗಳೂರಿನಲ್ಲಿ ಅವರು ಹಿಂಡುಹಿಂಡಾಗಿ ನಂದಿಬೆಟ್ಟ ಹತ್ತುತ್ತಾರೆ. ವಿಜಯಪುರ, ಬಾಗಲಕೋಟೆಗಳಲ್ಲಿ ರಾಷ್ಟ್ರಮಟ್ಟದ ನಿಜವಾದ ಸೈಕಲ್ ಪಟುಗಳೇ ಓಡಾಡುವುದರಿಂದ ಅಲ್ಲಿ ಇವರಿಗೆ ಅಷ್ಟು ಬೆಲೆ ಸಿಗಲಿಕ್ಕಿಲ್ಲ. ಗಾಜಿಪುರದಲ್ಲಿ ಪೈಪೋಟಿಯಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ವಯಸ್ಸು ಅರವತ್ತೆರಡು, ಮೊಣಕಾಲು ಅವರೇ ಹೇಳುವಂತೆ ನಲವತ್ತರದು. ಮೈಗೆ ಅಂಟುವ ಆ ಬಣ್ಣದ ಅಂಗಿ ಹಾಕಿಕೊಂಡಾಗ ಒತ್ತಿ ತುಂಬಿ ಬಾಯಿ ಹೊಲಿದ ತೊಗರಿಚೀಲದಂತೆ ಕಾಣುತ್ತಾರೆ. ಇದನ್ನು ನಾನು ಅವರ ಎದುರಿಗೆ ಹೇಳಿಲ್ಲ, ಅವರ ಹೆಂಡತಿ ಹೇಳಿದ್ದಾರೆ.

ಅವರ ಸೈಕಲ್ಲಿನ ತೂಕ ಒಂಬತ್ತು ಕಿಲೋ ಚಿಲ್ಲರೆ. ಹಗುರ ಮಾಡುವುದಕ್ಕಾಗಿ ಅದರಿಂದ ಸ್ಟ್ಯಾಂಡ್ ತೆಗೆದಿದ್ದಾರೆ, ಕ್ಯಾರಿಯರ್ ತೆಗೆದಿದ್ದಾರೆ, ಮಡ್‌ಗಾರ್ಡ್ ತೆಗೆದಿದ್ದಾರೆ, ಗಂಟೆಯೂ ಇಲ್ಲ. ದುಡ್ಡು ಹೆಚ್ಚು ಕೊಟ್ಟಷ್ಟೂ ಸಾಮಾನು ಕಡಿಮೆಯಾಗುವ ವ್ಯಾಪಾರ ನಾನು ಇದೊಂದೇ ಕಂಡದ್ದು. ನನ್ನದು ಇದಕ್ಕೆ ತದ್ವಿರುದ್ಧ. ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಶುರುಮಾಡಿತಲ್ಲ, ಆ ಪೈಕಿ ನನ್ನ ಅಕ್ಕನ ಮಗಳಿಗೆ ಬಂದದ್ದು. ಆಕೆ ಡಿಗ್ರಿ ಮುಗಿಸಿ ಮದುವೆಯಾಗಿ ಹೋದ ಮೇಲೆ ನನ್ನ ಪಾಲಿಗೆ ಉಳಿದ ಲೇಡೀಸ್ ಸೈಕಲ್. ಮುಂದೆ ಒಂದು ಬುಟ್ಟಿ ಇದೆ. ಆ ಬುಟ್ಟಿಯೇ ನನ್ನ ದುರದೃಷ್ಟ. ಸಾಹೇಬರ ನೀರಿನ ಬಾಟಲಿ, ಜಾಕೀಟು, ಮನೆಯ ಬೀಗದ ಕೈ, ಎಕ್ಸ್‌ಟ್ರಾ ಟ್ಯೂಬು ಎಲ್ಲವೂ ಅದರೊಳಗೆ. ಅವರು ಹಗುರವಾಗಿ ಮುಂದೆ ಹೋಗುತ್ತಾರೆ, ಅವರ ಭಾರ ನನ್ನ ಜೊತೆ ಹಿಂದೆ ಬರುತ್ತದೆ. ಚಹಾಕ್ಕೆ ನಿಂತಾಗ ಸ್ಟ್ಯಾಂಡ್ ಇಲ್ಲದ ಆ ಸೈಕಲ್ಲನ್ನು ಆನಿಸಲು ಗೋಡೆ ಸಿಗದಿದ್ದರೆ ನನಗೇ ಆನಿಸುತ್ತಾರೆ.

ಹೋಗುವುದು ಹೆಚ್ಚಾಗಿ ಕಮಲಾಪುರಕ್ಕೆ. ಹುಮನಾಬಾದ್ ರಸ್ತೆ ಹಿಡಿದು ಕಪನೂರಿನ ಕಾರ್ಖಾನೆಗಳನ್ನು ದಾಟುವವರೆಗೆ ಬೇಳೆ ಮಿಲ್ಲಿನ ಧೂಳು ಮತ್ತು ಲಾರಿ. ಅದಾದ ಮೇಲೆ ಎರಡೂ ಬದಿ ತೊಗರಿ, ನಡುನಡುವೆ ಮೊಳಕಾಲೆತ್ತರದ ಬಿಳಿಜೋಳ, ಅಲ್ಲಲ್ಲಿ ಕಡಲೆ. ಕುರಿಕೋಟಾ ಸೇತುವೆಯ ಕೆಳಗೆ ಬೆಣ್ಣೆತೊರಾದ ಹಿನ್ನೀರು ಹರವಿಕೊಂಡಿರುತ್ತದೆ, ನಸುಕಿನಲ್ಲಿ ಅದರ ಮೇಲೆ ಮಂಜು. ಇಷ್ಟು ಚೆಂದದ ಜಾಗದಲ್ಲಿ ಮನುಷ್ಯ ಏನು ಮಾತಾಡಬೇಕು? "ಸರಾಸರಿ ವೇಗ ಹತ್ತೊಂಬತ್ತು ಪಾಯಿಂಟ್ ನಾಲ್ಕು ಅದ ನೋಡ್ರಿ" ಅಂದರು ಸಾಹೇಬರು. ನನ್ನ ವೇಗವನ್ನು ಅವರು ಕೇಳಲಿಲ್ಲ. ನನ್ನನ್ನು ಆಗಷ್ಟೇ ಹಾಲಿನ ಕ್ಯಾನು ತೂಗುಹಾಕಿಕೊಂಡ ಒಬ್ಬ ಮುದುಕ ಹಳೇ ಅಟ್ಲಾಸ್ ಮೇಲೆ ಬೀಡಿ ಸೇದುತ್ತ ಹಿಂದಕ್ಕೆ ಹಾಕಿ ಹೋಗಿದ್ದ.

ಅವರ ಉಳಿದ ಗುಣಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮುಂದೆ ಏರಿದೆಯೇ ಎಂದು ಕೇಳಿದರೆ "ಏ, ಎಲ್ಲಾ ಇಳಕಲೇ ಅದರಿ" ಎನ್ನುತ್ತಾರೆ, ಹೋಗುವಾಗಲೂ, ಬರುವಾಗಲೂ. ಹದಿಮೂರೂವರೆ ಗಂಟೆಯೊಳಗೆ 200 ಕಿಲೋಮೀಟರ್ ಮುಗಿಸಿ ಬ್ರೆವೆ ಎಂಬ ದೂರದ ಸವಾರಿಯ ಪದಕ ತರುವುದು ಅವರ ಜೀವನದ ಗುರಿ. ಈ ಗುರಿಯನ್ನು ಮಿರ್ಚಿ ಭಜಿಯ ಅಂಗಡಿ ಕಂಡಲ್ಲೆಲ್ಲ ಇಳಿದು ನನಗೆ ಮತ್ತೆ ವಿವರಿಸುತ್ತಾರೆ. ಇನ್ನು ಪಂಕ್ಚರ್. ಈ ದಿನಗಳಲ್ಲಿ ಹೊಲದ ದಂಡೆಯ ನೆಗ್ಗಿಲ ಮುಳ್ಳು ಒಣಗಿ ಗಟ್ಟಿಯಾಗಿರುತ್ತದೆ, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಮಹಾಗಾಂವ್ ಕ್ರಾಸಿನಲ್ಲಿ ಒಮ್ಮೆ ಸಾಹೇಬರ ಟಯರ್ ಕುಸಿಯಿತು. ಪಂಕ್ಚರ್ ಅಂಗಡಿಯ ಹುಡುಗ ತೇಪೆಯೇನೋ ಚೆನ್ನಾಗಿ ಹಾಕಿದ. ಗಾಳಿ ತುಂಬಲು ಹೋದರೆ ಆ ಸಣ್ಣಮೂತಿಯ ವಾಲ್ವಿಗೆ ಅವನ ಪಂಪು ಹಿಡಿಯಲೇ ಇಲ್ಲ. ಕೊನೆಗೆ ನನ್ನ ಬುಟ್ಟಿಯೊಳಗಿನ ಗೇಣುದ್ದದ ಪಂಪಿನಿಂದ ಗಾಳಿ ಹೊಡೆದವನು ನಾನು. ಒತ್ತಡ ಎಷ್ಟಾಯಿತೆಂದು ಗಳಿಗೆಗೊಮ್ಮೆ ಹೆಬ್ಬೆರಳಿನಿಂದ ಒತ್ತಿ ಹೇಳಿದವರು ಅವರು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳುವುದು ಕ್ರಮ. ಭೌಗೋಳಿಕ ಮಾನ್ಯತೆ ಪಡೆದ ಹಣ್ಣು, ಒಂದು ಬೆಳೆ ಕೈಗೆ ಬರಲು ಒಂದೂವರೆ ವರ್ಷ ಬೇಕು, ಅದಕ್ಕೇ ಬೆಲೆಯೂ ಹಾಗೆ. ಹಣ್ಣು ಮಾರುವ ರೈತ ಸಾಹೇಬರ ಸೈಕಲ್ಲಿನ ಸುತ್ತ ಒಮ್ಮೆ ನಡೆದು ನೋಡಿದ.

"ಎಲ್ಲಿಗಿ ಹೊಂಟೀರ್ರಿ?"

"ಎಲ್ಲಿಗೂ ಇಲ್ಲಪ್ಪ. ಸುಮ್ನ ಇಲ್ಲಿತನಕ ಬಂದೀವಿ."

"ಸುಮ್ನ?" ಎಂದವನು ನನ್ನ ಮುಖ ನೋಡಿದ. ನಾನು ಬಾಳೆಗೊನೆ ನೋಡಿದೆ.

"ಎಷ್ಟ್ ಬಿತ್ರಿ ಇದಕ್ಕ?"

ಸಾಹೇಬರು ಹೆಂಡತಿಗೆ ಹೇಳಿದ ಬೆಲೆಯನ್ನೇ ಅವನಿಗೂ ಹೇಳಿದರು, ಅಂದರೆ ನಿಜದ ಅರ್ಧ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟ್ ರೊಕ್ಕಾ ತಗೊಂಡು ಒಂದು ಸ್ಟ್ಯಾಂಡ್ ಕೊಟ್ಟಿಲ್ಲೇನ್ರಿ?" ಎಂದ. ಅವತ್ತು ಹಣ್ಣು ಕೊಳ್ಳುವಾಗ ನಾನು ಒಂದು ಪೈಸೆ ಚೌಕಾಸಿ ಮಾಡಲಿಲ್ಲ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಮರಳಿ ಬಂದ ಮೇಲೆ ಶುರುವಾಗುತ್ತದೆ. ಸಾಹೇಬರ ಫೋನಿನಲ್ಲಿ ಒಂದು ಆ್ಯಪ್ ಇದೆ. ತುಳಿದ ದೂರವನ್ನು ಅದು ಬರೆದುಕೊಳ್ಳುತ್ತದೆ. ಅದು ಬರೆಯದೆ ಹೋದದ್ದು ತುಳಿದ ಲೆಕ್ಕವೇ ಅಲ್ಲ. ಬರೆದದ್ದೂ ದುಂಡು ಸಂಖ್ಯೆಗೆ ಬಂದು ನಿಲ್ಲಬೇಕು. ಕಲಬುರಗಿಯಿಂದ ಕಮಲಾಪುರ 35 ಕಿಲೋಮೀಟರಿನ ಆಸುಪಾಸು, ಭಜಿ ಅಂಗಡಿಗಳ ಸುತ್ತುಬಳಸು ಸೇರಿ ಹೋಗಿಬರುವುದು ಎಪ್ಪತ್ತೆರಡೋ ಎಪ್ಪತ್ಮೂರೋ ಆಗುತ್ತದೆ. ಎಪ್ಪತ್ತೈದಾಗುವುದಿಲ್ಲ.

ಅವತ್ತು ನಮ್ಮ ಓಣಿ ಮುಟ್ಟಿದಾಗ ಹತ್ತೂವರೆ. ಹೊಟ್ಟೆಯಲ್ಲಿ ಒಂದು ಕೆಂಪು ಬಾಳೆಹಣ್ಣು ಬಿಟ್ಟರೆ ಏನೂ ಇಲ್ಲ. ನಮ್ಮ ಮನೆಯೊಳಗಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಸಾಹೇಬರು ಫೋನ್ ನೋಡಿದರು. "ಎಪ್ಪತ್ತೆರಡು ಪಾಯಿಂಟ್ ಆರು. ಎರಡು ಚಿಲ್ಲರೆ ಬಾಕಿ. ಎರಡೇ ನಿಮಿಷ ನಿಂದರ್ರಿ." ಅವರ ಬೀಗದ ಕೈ ನನ್ನ ಬುಟ್ಟಿಯಲ್ಲಿ, ಹೆಂಡತಿ ತವರಿಗೆ ಹೋಗಿದ್ದಾರೆ, ನಾನು ಬಿಟ್ಟು ಹೋಗುವ ಹಾಗಿಲ್ಲ. ಅವರು ಓಣಿಯ ಸುತ್ತು ಹಾಕತೊಡಗಿದರು. ಒಂದು ಸುತ್ತಿಗೆ ಮುನ್ನೂರು ಮೀಟರ್. ಮೊದಲ ಸುತ್ತಿಗೆ ನಾಯಿ ಬೊಗಳಿತು. ಮೂರನೆಯದಕ್ಕೆ ಅದಕ್ಕೂ ಬೇಸರವಾಯಿತು. ತರಕಾರಿ ಗಾಡಿಯವನು ಪ್ರತಿ ಸಲವೂ ಗಾಡಿ ಬದಿಗೆ ಸರಿಸಿ ದಾರಿ ಬಿಟ್ಟುಕೊಟ್ಟ.

ಎದುರಿನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಮುದುಕಿ ಮೊರ ಕೆಳಗಿಟ್ಟು ನನ್ನನ್ನು ಕರೆದಳು.

"ಏನ್ ಹರಕಿ ಹೊತ್ತಾನ ತಮ್ಮಾ ಈ ಯಪ್ಪ?"

"ಹರಕಿ ಅಲ್ಲಬೇ ಆಯಿ, ವ್ಯಾಯಾಮ."

"ಶರಣಬಸಪ್ಪನ ಗುಡಿ ಆ ಕಡಿ ಅದ. ಇಲ್ಯಾಕ ಸುತ್ತಾಕ್ಲತ್ತಾನ?"

ಉತ್ತರ ನನಗೂ ಗೊತ್ತಿರಲಿಲ್ಲ. ಆಕೆ ಬಹುಶಃ ನಾನು ಮುಚ್ಚಿಡುತ್ತಿದ್ದೇನೆ ಎಂದುಕೊಂಡಳು. ಮನೆಯಲ್ಲಿ ಏನೋ ಕಷ್ಟವಿರಬೇಕೆಂದು ಲೊಚಗುಟ್ಟಿ, ಜೋಳದ ಕಾಳನ್ನು ಒಂದೊಂದಾಗಿ ಕಟ್ಟೆಯ ಮೇಲಿಟ್ಟು ಸುತ್ತು ಎಣಿಸತೊಡಗಿದಳು. ಎಂಟನೆಯ ಸುತ್ತಿಗೆ ಸಾಹೇಬರು ಬ್ರೇಕ್ ಹಾಕಿ ಎರಡೂ ಕೈ ಎತ್ತಿದರು: ಸರಿಯಾಗಿ ಎಪ್ಪತ್ತೈದು ಪಾಯಿಂಟ್ ಸೊನ್ನೆ.

"ಎಂಟಕ್ಕ ನಿಂತಿ ಯಾಕಪ್ಪಾ?" ಮುದುಕಿ ಕಟ್ಟೆಯಿಂದ ಎದ್ದೇಬಿಟ್ಟಳು. "ಒಂಬತ್ತು ಆಗಬೇಕು. ಹರಕಿ ಅರ್ಧಕ್ಕ ಬಿಟ್ರ ಮಕ್ಕಳಿಗಿ ಒಳ್ಳೇದಲ್ಲ. ಹೋಗು, ಇನ್ನೊಂದು ಹಾಕ್ಯೊಂಡು ಬಾ."

ಬ್ಯಾಂಕಿನಲ್ಲಿ ದೊಡ್ಡದೊಡ್ಡ ಸಾಲಗಾರರ ಬೆವರಿಳಿಸಿದ ಮನುಷ್ಯ ಆ ಧ್ವನಿಗೆ ಮರುಮಾತಾಡಲಿಲ್ಲ. ಒಂಬತ್ತನೆಯದೂ ಹಾಕಿದರು. ಆ್ಯಪ್ ನಿಲ್ಲಿಸುವುದನ್ನು ಮರೆತಿದ್ದರು. ಎಪ್ಪತ್ತೈದು ಪಾಯಿಂಟ್ ಮೂರು. ಅವರು ಆ ಅಂಕಿಯನ್ನೇ ನೋಡುತ್ತ ನಿಂತಾಗ, ಎಂಬತ್ತು ಎಂಬ ಸಂಖ್ಯೆ ಅವರ ತಲೆಯೊಳಗೆ ಮೂಡುತ್ತಿರುವುದು ನನಗೆ ಹೊರಗಿನಿಂದಲೇ ಕಂಡಿತು. ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮ್ಯಾನೇಜರಾಗಿದ್ದ ಕಾಲದಲ್ಲಿ ಸಂಜೆಯ ಲೆಕ್ಕದಲ್ಲಿ ಹತ್ತು ಪೈಸೆ ಹೊಂದದಿದ್ದರೂ ಸಿಬ್ಬಂದಿಯನ್ನು ಎಂಟರವರೆಗೆ ಕೂರಿಸುತ್ತಿದ್ದರಂತೆ. ಇದೂ ಆ ರೋಗವೇ ಎಂದುಕೊಂಡಿದ್ದೆ. ಕುರಿಕೋಟಾ ಸೇತುವೆಯ ಮೇಲೆ ಇನ್ನೊಂದು ಭಾನುವಾರ, ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, ಅವರೇ ಹೇಳಿದರು. ಮಗ ಪುಣೆಯಲ್ಲಿದ್ದಾನೆ. ಫೋನ್ ಮಾಡಿದರೆ ಊಟ ಆಯಿತೇ, ಬಿಪಿ ಗುಳಿಗೆ ನುಂಗಿದಿರಾ ಅನ್ನುವಷ್ಟರಲ್ಲಿ ಇಬ್ಬರ ಮಾತೂ ಮುಗಿಯುತ್ತದೆ. ಆ್ಯಪಿನಲ್ಲಿ ಮಾತ್ರ ಅವನು ಪ್ರತಿ ಭಾನುವಾರ ಅಪ್ಪನ ಸವಾರಿಗೆ ಹೆಬ್ಬೆರಳು ಒತ್ತುತ್ತಾನೆ. ಒಮ್ಮೆ ಬರೆದೂ ಇದ್ದನಂತೆ: ಎಪ್ಪತ್ಮೂರಕ್ಕೇ ಯಾಕೆ ಬಿಟ್ಟಿರಿ ಪಪ್ಪಾ, ಎಪ್ಪತ್ತೈದು ಮಾಡಬೇಕಿತ್ತು. "ಅವನೂ ನೋಡ್ತಾನ್ರಿ" ಎಂದು ಸಾಹೇಬರು ನೀರಿನ ಕಡೆ ಮುಖ ಮಾಡಿದರು. ನಮ್ಮ ಓಣಿಯ ಅರ್ಧ ಮಕ್ಕಳು ಪುಣೆ, ಹೈದರಾಬಾದು, ಬೆಂಗಳೂರು ಎಂದು ಹೋಗಿ ಕೂತಿದ್ದಾರೆ. ಸಾಹೇಬರ ಜೊತೆ ಮೊದಲು ಸೈಕಲ್ ತುಳಿಯುತ್ತಿದ್ದ ಹುಡುಗರೂ ಅಲ್ಲೇ. ನಸುಕಿನ ನಾಲ್ಕೂಮುಕ್ಕಾಲಿಗೆ ನನ್ನ ಫೋನೇ ಯಾಕೆ ಹೊಡೆದುಕೊಳ್ಳುತ್ತದೆ ಎಂಬುದು ಆಗ ತಿಳಿಯಿತು; ಉಳಿದವರ ನಂಬರು ಈಗ ಬೇರೆ ಊರಿನಲ್ಲಿ ಮಲಗಿರುತ್ತವೆ. ಮುದುಕಿ ಮಕ್ಕಳಿಗೆ ಒಳ್ಳೆಯದಲ್ಲ ಎಂದದ್ದಕ್ಕೆ ಸಾಹೇಬರು ಅಷ್ಟು ಬೇಗ ಮಣಿದದ್ದು ಯಾಕೆಂಬುದೂ. ಹಾಗೆಂದು ಒಂಬತ್ತು ಸುತ್ತು ಬಿಸಿಲಲ್ಲಿ ನಿಂತದ್ದನ್ನು ನಾನು ಮನ್ನಿಸಿದ್ದೇನೆ ಎಂದೇನಲ್ಲ.

ಈಗ ಅವರ ಕಣ್ಣು ಎಳ್ಳ ಅಮಾವಾಸ್ಯೆಯ ಮೇಲಿದೆ. ಅವತ್ತು ನಮ್ಮ ಕಡೆ ಹೊಲದಲ್ಲಿ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸಿ ಭಜ್ಜಿಪಲ್ಯ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಬಡಿಸುತ್ತಾರೆ. ಸೈಕಲ್ ತುಳಿದವನಿಗೆ ಖರ್ಚಾಗುವ ಕ್ಯಾಲರಿಯನ್ನೂ ಒಂದು ಹೊಲದಲ್ಲಿ ಸಿಗುವ ಕ್ಯಾಲರಿಯನ್ನೂ ಸಾಹೇಬರು ಆಗಲೇ ಲೆಕ್ಕ ಹಾಕಿದ್ದಾರೆ. ಲಾಭ ಹೊಲದ ಕಡೆಗೇ ಇದೆ. ಮಹಾಗಾಂವ್ ಕಡೆ ನನ್ನ ಸೋದರಮಾವನ ಹೊಲವಿದೆ. ಫೋನ್ ಮಾಡಿ ಕೇಳಿದೆ. "ಬರ್ರಿ, ಊಟಕ್ಕೇನ್ ಕಮ್ಮಿ? ಆದ್ರ ಸೈಕಲ್ ರೋಡಿನ ಮ್ಯಾಲೇ ಬಿಟ್ಟು ಬರ್ರಿ. ಬದುವಿನ ತುಂಬ ನೆಗ್ಗಿಲ ಮುಳ್ಳು ಬಿದ್ದಾವ" ಎಂದರು ಮಾವ. ರಸ್ತೆಯಿಂದ ಹೊಲಕ್ಕೆ ನಡೆದೇ ಹೋಗಬೇಕು, ಮುಕ್ಕಾಲು ಕಿಲೋಮೀಟರ್. ನಡೆದದ್ದನ್ನು ಆ್ಯಪ್ ಸೈಕಲ್ಲಿನ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲವಂತೆ. ಸಾಹೇಬರು ಇನ್ನೂ ಒಪ್ಪಿಲ್ಲ.